ಕಾರಿನ ಬ್ಯಾಟರಿ, ಮಧ್ಯಮ ಗಾತ್ರ, ಒಂದು

ನಮ್ಮ ಕಥಾನಾಯಕರಿಗೆ ಹೆತ್ತವರು ಇಟ್ಟ ಹೆಸರು ಒಂದಿತ್ತು. ಅದು ಈಗ ಸಂಬಳದ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿದೆ. ಬೀದಿಯವರಿಗೆಲ್ಲ ಅವರು ರೇಟಪ್ಪ. ಬೆಲೆ ಸಂಗ್ರಹಣೆಯ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದ ಸರ್ವಿಸು. ತಿಂಗಳಿಗೊಮ್ಮೆ ಅಂಗಡಿ ಅಂಗಡಿ ಸುತ್ತಿ, ಉಪ್ಪಿನಿಂದ ಹಿಡಿದು ಕೊಡೆಯವರೆಗೆ ನೂರಾ ಹನ್ನೆರಡು ಸಾಮಾನುಗಳ ಬೆಲೆ ಕೇಳಿ ಬರೆದುಕೊಂಡು ಬರುವುದು ಅವರ ಕೆಲಸ. ಆ ಪಟ್ಟಿ ಮೇಲಿನ ಕಚೇರಿಗೆ ಹೋಗಿ, ಅಲ್ಲಿ ಗುಣಾಕಾರ ಭಾಗಾಕಾರಗಳಿಗೆ ಸಿಕ್ಕಿ, ಕೊನೆಗೆ ಒಂದು ತೆಳ್ಳಗಿನ ಹಳದಿ ಪುಸ್ತಕವಾಗಿ ಅಚ್ಚಾಗುತ್ತಿತ್ತು. ಬೆಲೆ ಏರಿದೆ ಅಂತ ಆ ಪುಸ್ತಕ ಹೇಳಿದರೆ ನೌಕರರ ತುಟ್ಟಿಭತ್ಯೆಯೂ ನಿವೃತ್ತರ ಪಿಂಚಣಿಯೂ ಏರುತ್ತಿದ್ದವು. ಏರಿಲ್ಲ ಅಂದರೆ ಅವೂ ಇಲ್ಲ.

ಹೀಗಾಗಿ ಬೀದಿಯಲ್ಲಿ ಯಾರು ಏನು ಕೊಳ್ಳಬೇಕಾದರೂ ಮೊದಲು ರೇಟಪ್ಪನವರನ್ನು ಒಂದು ಮಾತು ಕೇಳುತ್ತಿದ್ದರು. ಅವರು ಕಣ್ಣು ಮುಚ್ಚಿ, ಎರಡು ಬೆರಳನ್ನು ಹಣೆಗೆ ಒತ್ತಿಕೊಂಡು, ಬೆಲೆಯನ್ನು ಚಿಲ್ಲರೆ ಸಮೇತ ಹೇಳುತ್ತಿದ್ದರು. ಅಂಗಡಿಯಲ್ಲಿ ಆ ಬೆಲೆಗೆ ಸಿಗದಿದ್ದರೆ ತಪ್ಪು ಅಂಗಡಿಯವನದು, ಇಲ್ಲವೇ ಕೊಳ್ಳಲು ಹೋದವರದು. ಈ ಶಾಸ್ತ್ರವನ್ನು ಎಲ್ಲರಿಗಿಂತ ಹೆಚ್ಚು ನಂಬಿದವರು ಎದುರು ಮನೆಯ ನಿವೃತ್ತ ಮೇಷ್ಟ್ರು. ಚಿಕ್ಕಂದಿನಲ್ಲಿ ರೇಟಪ್ಪನವರಿಗೆ ಮಗ್ಗಿ ಕಲಿಸಿದವರು ಅವರೇ. ಶಿಷ್ಯನ ಕೈಬರಹ ಅಚ್ಚಾಗಿ ಬರುತ್ತದೆ ಅಂತ ಪ್ರತಿ ತಿಂಗಳೂ ಹಳದಿ ಪುಸ್ತಕವನ್ನು ಕೇಳಿ ಇಸಿದುಕೊಂಡು, ಕೆಂಪು ಶಾಯಿಯಲ್ಲಿ ಗೆರೆ ಎಳೆದು ಓದುತ್ತಿದ್ದರು. ನಂಬದಿದ್ದವಳು ಒಬ್ಬಳೇ, ರೇಟಪ್ಪನವರ ಹೆಂಡತಿ.

"ರೀ, ನಿಮ್ಮ ಪುಸ್ತಕದಲ್ಲಿ ಎಣ್ಣೆ ಈ ಬೆಲೆಗೆ ಸಿಗುತ್ತಲ್ಲ, ಅದ್ಯಾವ ಊರು ಹೇಳಿ, ಮನೆ ಅಲ್ಲಿಗೇ ಬದಲಾಯಿಸೋಣ," ಅನ್ನುತ್ತಿದ್ದಳು.

"ಚೌಕಾಸಿ ಮಾಡೋಕೆ ನಿನಗೆ ಬರಲ್ಲ. ಅದಕ್ಕೆ ಪುಸ್ತಕ ಏನು ಮಾಡುತ್ತೆ?" ಅಂತ ಇವರು ಪೇಪರು ಮಡಚುತ್ತಿದ್ದರು.

ರೇಟಪ್ಪನವರ ಹತ್ತಿರ ಒಂದು ಕಾರೂ ಇತ್ತು. ಭಾವಮೈದ ಹೊಸದು ಕೊಂಡಾಗ ಹಳೆಯದನ್ನು ಅಕ್ಕನ ಮೇಲಿನ ಪ್ರೀತಿಗೆ ಇವರಿಗೆ ದಾಟಿಸಿದ್ದ. ಒಂದು ಗುರುವಾರ ಬೆಳಿಗ್ಗೆ ಕೀ ತಿರುಗಿಸಿದರೆ ಅದು "ಟಿಕ್" ಅಂತ ಒಂದು ಸಲ ಅಂದು ಸುಮ್ಮನಾಯಿತು. ಮೂಲೆ ಗ್ಯಾರೇಜಿನ ಮೆಕ್ಯಾನಿಕ್ ಬಂದು, ಬಾನೆಟ್ ಎತ್ತಿ, ವೈರು ಮುಟ್ಟಿ ನೋಡಿ, ಬಟ್ಟೆಗೆ ಕೈ ಒರೆಸಿಕೊಂಡ.

"ಬ್ಯಾಟರಿ ಹೋಗಿದೆ ಸಾರ್. ಚಾರ್ಜ್ ಹಾಕಿದ್ರೂ ನಿಲ್ಲಲ್ಲ. ಹೊಸದೇ ಹಾಕ್ಬೇಕು."

ಬಾನೆಟ್ ಎತ್ತಿದ ಕಾರಿಗೂ ಬೀದಿಯ ಜನಕ್ಕೂ ಬೆಲ್ಲಕ್ಕೂ ಇರುವೆಗೂ ಇರುವ ನಂಟು. ಪಕ್ಕದ ಮನೆಯ ಟ್ಯಾಕ್ಸಿಯವನು ಬಂದ. ಮೇಷ್ಟ್ರು ಬಂದರು. ಬ್ಯಾಟರಿಗೆ ಎಷ್ಟಾಗಬಹುದು ಅಂತ ಕೇಳಿದ ಮೇಷ್ಟ್ರು, ದಿನಕ್ಕೆ ನಾಲ್ಕು ಬ್ಯಾಟರಿ ಬದಲಾಯಿಸುವ ಮೆಕ್ಯಾನಿಕ್ಕಿನ ಕಡೆ ತಿರುಗಲಿಲ್ಲ. ಶಿಷ್ಯನ ಮುಖ ನೋಡಿದರು. ರೇಟಪ್ಪನವರ ಕಣ್ಣು ತಾನಾಗಿ ಮುಚ್ಚಿತು, ಬೆರಳು ಹಣೆಗೆ ಹೋಯಿತು.

"ಎರಡು ಸಾವಿರದ ನಾನೂರ ಮೂವತ್ತು."

ಮೆಕ್ಯಾನಿಕ್ಕಿನ ಕೈಯಲ್ಲಿದ್ದ ಬಟ್ಟೆ ನಿಂತಿತು. "ಸಾರ್, ಇನ್ನೊಂದ್ಸಲ ಹೇಳಿ."

ರೇಟಪ್ಪನವರು ಹೇಳಿದರು. ಸಂಖ್ಯೆ ಎರಡನೇ ಸಲವೂ ಅಷ್ಟೇ ಇತ್ತು.

"ಆ ಬೆಲೆಗೆ ನೀವು ತಂದ್ರೆ ನಾನು ಬಿಟ್ಟಿ ಹಾಕಿಕೊಡ್ತೀನಿ. ಜೀವನಪೂರ್ತಿ ಬಿಟ್ಟಿ," ಅಂದ ಮೆಕ್ಯಾನಿಕ್. ಅವನ ದನಿಯಲ್ಲಿ ವ್ಯಂಗ್ಯ ಇರಲಿಲ್ಲ, ದೊಡ್ಡವರ ಮುಂದೆ ನಿಂತಾಗ ಬರುವ ಭಯಭಕ್ತಿ ಇತ್ತು.

"ಸಾರ್, ನನಗೂ ಎರಡು ಬೇಕು," ಅಂದ ಟ್ಯಾಕ್ಸಿಯವನು. "ಎರಡಲ್ಲ, ಮೂರು. ಒಂದು ಸುಮ್ನೆ ಮನೇಲಿ ಇಟ್ಕೊಂಡಿರ್ತೀನಿ. ನಡೀರಿ, ನಾನೇ ಕರ್ಕೊಂಡು ಹೋಗ್ತೀನಿ."

"ಅವನು ಬಾಯಿಗೆ ಬಂದಿದ್ದು ಹೇಳ್ತಿಲ್ಲಪ್ಪ," ಅಂದರು ಮೇಷ್ಟ್ರು ಮೆಕ್ಯಾನಿಕ್ಕಿಗೆ. "ಅಚ್ಚಾಗಿದೆ. ಒಂಬತ್ತನೇ ಪುಟ. ತಾಳು, ಪುಸ್ತಕ ತರ್ತೀನಿ, ನಾನೂ ಬರ್ತೀನಿ."

ಇಲ್ಲಿ ಓದುಗರಿಗೆ ಒಂದು ಗುಟ್ಟು ಹೇಳಿಬಿಡಬೇಕು. ನೂರಾ ಹನ್ನೆರಡು ಸಾಮಾನುಗಳಲ್ಲಿ ಮೂವತ್ತೇಳರ ಅಂಗಡಿಗಳು ಸೇತುವೆಯ ಆಚೆ ಇದ್ದವು. ಅಕ್ಕಿ, ಎಣ್ಣೆ, ಸಾಬೂನಿನ ದೊಡ್ಡ ಮಾರುಕಟ್ಟೆಯೂ ಅಲ್ಲಿಯೇ, ಬ್ಯಾಟರಿಯವರ ಬೀದಿಯೂ ಅಲ್ಲಿಯೇ. ಹನ್ನೊಂದು ವರ್ಷದ ಹಿಂದೆ ಒಂದು ಮಧ್ಯಾಹ್ನ ಬ್ಯಾಟರಿ ಅಂಗಡಿಯ ಕರೀ ನಾಯಿಯೊಂದು ರೇಟಪ್ಪನವರನ್ನು ಸೇತುವೆಯವರೆಗೆ ಅಟ್ಟಿಸಿಕೊಂಡು ಬಂದಿತ್ತು. ಮುಂದಿನ ತಿಂಗಳು ಅವರು ಸೇತುವೆ ದಾಟಲಿಲ್ಲ. ಹಿಂದಿನ ತಿಂಗಳ ಬೆಲೆಗೆ ಎರಡೋ ಮೂರೋ ಸೇರಿಸಿ ಬರೆದರು. ಆಕಾಶ ಕಳಚಿ ಬೀಳಲಿಲ್ಲ. ಅದರ ಮುಂದಿನ ತಿಂಗಳೂ ಮೂವತ್ತೇಳಕ್ಕೂ ಹಾಗೆಯೇ ಮಾಡಿದರು, ದೊಡ್ಡದಕ್ಕೆ ರೂಪಾಯಿ, ಸಣ್ಣದಕ್ಕೆ ಪೈಸೆ. ಬರೀ ಏರಿಸಿದರೆ ಅನುಮಾನ ಬರುತ್ತದೆ ಅಂತ ಆಗೀಗ ಒಂದು ರೂಪಾಯಿ ಇಳಿಸುತ್ತಲೂ ಇದ್ದರು. ಅವರ ಆತ್ಮಸಾಕ್ಷಿ ಇದ್ದದ್ದು ಆ ಒಂದು ರೂಪಾಯಿಯಲ್ಲಿ. ಕ್ರಮಸಂಖ್ಯೆ ಎಂಬತ್ತೆಂಟು, ಕಾರಿನ ಬ್ಯಾಟರಿ, ಮಧ್ಯಮ ಗಾತ್ರ, ಒಂದು: ಹೀಗೆ ಕುರ್ಚಿಯ ಮೇಲೇ ಬೆಳೆದು ಎರಡು ಸಾವಿರದ ನಾನೂರ ಮೂವತ್ತಾಗಿತ್ತು. ಕಾಲಕ್ರಮದಲ್ಲಿ ರೇಟಪ್ಪನವರೇ ಅದನ್ನು ನಂಬಿಬಿಟ್ಟಿದ್ದರು.

ಟ್ಯಾಕ್ಸಿ ಸೇತುವೆ ದಾಟಿ ನಿಂತಾಗ, ಬ್ಯಾಟರಿ ಅಂಗಡಿಯ ಹೊಸ್ತಿಲಲ್ಲಿ ಅವರ ಕಾಲು ತಡೆಯಿತು.

"ನಾಯಿ ಇದೆಯಾ?"

"ಯಾವ ನಾಯಿ ಸಾರ್?" ಅಂದ ಅಂಗಡಿ ಯಜಮಾನ. ಕನ್ನಡಕವನ್ನು ದಾರದಲ್ಲಿ ಕೊರಳಿಗೆ ತೂಗಿಬಿಟ್ಟುಕೊಂಡಿದ್ದ ಸಣಕಲು ಆಸಾಮಿ. "ಓ, ಆ ಕರೀದಾ? ಅದು ಸತ್ತು ಎಂಟು ವರ್ಷ ಆಯ್ತಲ್ಲ. ಪಾಪ, ಬಾಯಲ್ಲಿ ಹಲ್ಲೇ ಇರಲಿಲ್ಲ ಅದಕ್ಕೆ."

ರೇಟಪ್ಪನವರು ಒಳಗೆ ಬಂದರು. ಗೋಡೆಯುದ್ದಕ್ಕೂ ಕಪ್ಪು ಪೆಟ್ಟಿಗೆಗಳು, ಆಸಿಡ್ಡಿನ ಹುಳಿ ವಾಸನೆ, ಹಳೆಯ ಬ್ಯಾಟರಿ ತೂಗುವ ತಕ್ಕಡಿ. ಯಜಮಾನ ಒಂದು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ಮೇಜಿನ ಮೇಲಿಟ್ಟ. ಮೇಜು ಸಣ್ಣಗೆ ನರಳಿತು.

"ನಿಮ್ಮ ಕಾರಿಗೆ ಇದೇ. ಎಂಟು ಸಾವಿರದ ನೂರು. ಹಳೇದು ಕೊಟ್ರೆ ಆರುನೂರು ಕಳೀತೀನಿ."

ಇಪ್ಪತ್ತೆರಡು ವರ್ಷ ಬೆಲೆ ಬರೆದ ಮನುಷ್ಯನಿಗೆ ಬೆಲೆ ಅನ್ನುವುದು ಮೊದಲ ಸಲ ಹೊಟ್ಟೆಯಲ್ಲಿ ತಿಳಿಯಿತು. ಕಾರನ್ನೇ ಮಾರಿದರೂ ಈ ದುಡ್ಡಿನ ನಾಲ್ಕರಷ್ಟು ಬರುವುದು ಅನುಮಾನ. ಮೂಗಿಗಿಂತ ಮೂಗುತಿ ಭಾರ ಅನ್ನುವುದನ್ನು ಅವರು ಕೇಳಿದ್ದರು, ಕಣ್ಣಾರೆ ಕಂಡದ್ದು ಈಗ. ಮೆಲ್ಲಗೆ ಒಂದು ಬೆರಳು ಚಾಚಿ ಆ ಪೆಟ್ಟಿಗೆಯನ್ನು ಮುಟ್ಟಿದರು.

"ಇದರೊಳಗೆ ಏನಿರುತ್ತೆ?"

"ಸೀಸ, ಆಸಿಡ್ಡು, ನೀರು."

"ನೀರಿಗೂ ದುಡ್ಡಾ?"

"ನೀರಿಗೂ ಸಾರ್."

ಮೂರು ಬ್ಯಾಟರಿಯ ಲೆಕ್ಕವನ್ನು ಬೆರಳು ಮಡಚಿ ಎಣಿಸುತ್ತಿದ್ದ ಟ್ಯಾಕ್ಸಿಯವನು ಅಲ್ಲಿಗೇ ನಿಲ್ಲಿಸಿದ. ಆದರೆ ಮೇಷ್ಟ್ರು ಅಲುಗಲಿಲ್ಲ. ಚೀಲದಿಂದ ಹಳದಿ ಪುಸ್ತಕ ತೆಗೆದು, ಒಂಬತ್ತನೇ ಪುಟ ಬಿಡಿಸಿ, ಕೆಂಪು ಗೆರೆಯ ಮೇಲೆ ಬೆರಳಿಟ್ಟು ಯಜಮಾನನ ಮುಂದೆ ಹಿಡಿದರು. ಅವನು ಕನ್ನಡಕ ಏರಿಸಿಕೊಂಡು ಓದಿದ. ಓದುತ್ತಾ ಓದುತ್ತಾ ಎದ್ದು ನಿಂತ.

"ಇದು ಸರ್ಕಾರಿ ಮುದ್ರೆ."

"ಮತ್ತೆ?" ಅಂದರು ಮೇಷ್ಟ್ರು.

"ಸಾರ್, ಈ ಬೆಲೆ ಯಾವತ್ತಿಂದ?"

"ಹನ್ನೊಂದು ವರ್ಷದಿಂದ ಹೆಚ್ಚುಕಮ್ಮಿ ಇದೇ," ಅಂದರು ಮೇಷ್ಟ್ರು.

ಯಜಮಾನ ಕುಳಿತುಕೊಂಡ. "ಅಂದ್ರೆ ಹನ್ನೊಂದು ವರ್ಷದಿಂದ ನಾನು ಕಾನೂನು ಮುರೀತಾ ಇದ್ದೀನಾ?"

"ಅದನ್ನ ಬರೆದವರೇ ಇಲ್ಲಿದ್ದಾರೆ, ಕೇಳಿ," ಅಂತ ಮೇಷ್ಟ್ರು ಶಿಷ್ಯನ ಬೆನ್ನ ಮೇಲೆ ಕೈಯಿಟ್ಟರು.

ಸತ್ಯ ಹೇಳುವುದಕ್ಕೆ ಅದು ಒಳ್ಳೆಯ ಗಳಿಗೆ. ಆದರೆ ಬೆನ್ನ ಮೇಲೆ ಮೇಷ್ಟ್ರ ಕೈ, ಮುಂದೆ ಬೆಪ್ಪಾಗಿ ನೋಡುತ್ತಿರುವ ಯಜಮಾನ. ರೇಟಪ್ಪನವರ ಬಾಯಿಂದ ಹೊರಟದ್ದು "ಹೂಂ" ಅನ್ನುವ ಒಂದೇ ಸದ್ದು. ಆ ಹೂಂಕಾರಕ್ಕೆ ಅಂಗಡಿಯಲ್ಲಿ ತಪಾಸಣೆ ಅನ್ನುವ ಅರ್ಥ ಹುಟ್ಟಿತು. ಕೂರಲು ಕುರ್ಚಿ ಬಂತು, ತಂಪು ಪಾನೀಯ ಬಂತು. ಯಜಮಾನ ಕೈಮುಗಿದುಕೊಂಡು ಹೇಳತೊಡಗಿದ: "ನನಗೆ ಬೀಳೋ ರೇಟೇ ಏಳು ಸಾವಿರದ ಮುನ್ನೂರು ಸಾರ್. ಸೀಸ ಏರಿದೆ, ಲಾರಿ ಬಾಡಿಗೆ ಏರಿದೆ, ಮಗಳ ಫೀಸು ಏರಿದೆ, ಅಂಗಡಿ ಬಾಡಿಗೆ..."

"ನೆಪ ಹೇಳಬೇಡಿ," ಅಂದರು ಮೇಷ್ಟ್ರು. "ಅದೆಲ್ಲ ಏರಿದ್ರೆ ಪುಸ್ತಕದಲ್ಲಿ ಬರ್ತಿತ್ತು. ಬಂದಿಲ್ಲ. ಅಂದಮೇಲೆ ಏರಿಲ್ಲ. ನಾಳೆ ನಾನು ಲಿಖಿತ ದೂರು ಕೊಡ್ತೀನಿ. ಈ ಅಂಗಡಿಗೆ ಬೀಗ ಬೀಳಬೇಕು."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಲ್ಲಾ ಬೀದಿಯಲ್ಲೂ ಇರುತ್ತಾರೆ. ತಪಾಸಣೆ ಬಂದಿದೆ ಅನ್ನುವ ಸುದ್ದಿ ಹಬ್ಬಿ, ಇವರು ಟ್ಯಾಕ್ಸಿ ಹತ್ತುವ ಹೊತ್ತಿಗೆ ಆ ಬೀದಿಯ ಹದಿನಾಲ್ಕು ಬ್ಯಾಟರಿ ಅಂಗಡಿಗಳ ಶಟರು ಒಂದರ ಹಿಂದೊಂದು ಕೆಳಗಿಳಿಯುತ್ತಿದ್ದವು. ಟ್ಯಾಕ್ಸಿಯವನು ತಿರುಗಿ ತಿರುಗಿ ನೋಡಿ, "ಸಾರ್, ನಿಮ್ಮ ಪವರ್ ಇಷ್ಟಿದೆ ಅಂತ ನನಗೆ ಗೊತ್ತೇ ಇರಲಿಲ್ಲ," ಅಂದ. ರೇಟಪ್ಪನವರಿಗೂ ಗೊತ್ತಿರಲಿಲ್ಲ.

ಮರುದಿನ ಹನ್ನೊಂದು ಗಂಟೆಗೆ ಕಚೇರಿಯ ಮುಖ್ಯಸ್ಥೆ ಮೇಡಂ ಕೋಣೆಯಿಂದ ರೇಟಪ್ಪನವರಿಗೆ ಕರೆ ಬಂತು. ಮೇಡಂ ಆ ಕಚೇರಿಗೆ ಬಂದು ಆರು ತಿಂಗಳಾಗಿತ್ತು. ಅವರ ಕುರ್ಚಿಯ ಹಿಂದೆ ಗೋಡೆಯಲ್ಲಿ ಒಂದು ಪ್ರಶಸ್ತಿಪತ್ರ, "ಬೆಲೆ ಸ್ಥಿರತೆಯಲ್ಲಿ ಮೊದಲ ಸ್ಥಾನ" ಅಂತ. ಅದರ ಬಲದಿಂದಲೇ ಹಿಂದಿನ ಸಾಹೇಬರು ಬಡ್ತಿ ಪಡೆದು ಹೋಗಿದ್ದರು. ಈಗ ಆ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹದಿನಾಲ್ಕು ಬ್ಯಾಟರಿ ಅಂಗಡಿಯವರು ಸಾಲಾಗಿ ನಿಂತಿದ್ದರು. ನಿನ್ನೆಯ ಯಜಮಾನನ ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿತ್ತು. ಮೇಷ್ಟ್ರು ನಾಲ್ಕು ಪುಟದ ದೂರನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಹಳದಿ ಪುಸ್ತಕ ಹೇರಿ ಕುಳಿತಿದ್ದರು.

"ನೋಡಿ," ಅನ್ನುತ್ತಿದ್ದರು ಮೇಡಂ, "ನಾವು ಬೆಲೆ ಕಟ್ಟೋರಲ್ಲ. ಅಂಗಡೀಲಿ ಎಷ್ಟಿದೆಯೋ ಅಷ್ಟು ಬರ್ಕೊಳ್ಳೋರು."

ಅಂಗಡಿಯವರ ಸಂಘದ ಅಧ್ಯಕ್ಷ ಒಂದು ಹೆಜ್ಜೆ ಮುಂದೆ ಬಂದ. "ಹಾಗಾದ್ರೆ ಒಂದು ಉಪಕಾರ ಮಾಡಿ ಮೇಡಂ. ಯಾವ ಅಂಗಡೀಲಿ ಬರ್ಕೊಂಡ್ರೋ ಆ ವಿಳಾಸ ಕೊಡಿ. ಇನ್ಮೇಲೆ ನಾವೂ ಅಲ್ಲೇ ತರ್ತೀವಿ."

ಮೇಡಂ ತಿರುಗಿ ರೇಟಪ್ಪನವರನ್ನು ನೋಡಿದರು. ಹದಿನಾಲ್ಕು ಜನ ನೋಡಿದರು. ಕುಂಬಳಕಾಯಿ ಕಳ್ಳ ಅಂದಾಗ ಹೆಗಲು ಮುಟ್ಟಿ ನೋಡಿಕೊಂಡವನಂತೆ ಅವರ ಕೈ ತಾನಾಗಿ ಜೇಬಿನ ಪೆನ್ನಿಗೆ ಹೋಯಿತು.

ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲವೆಂದಲ್ಲ. ಆ ಅಂಗಡಿ ಮುಚ್ಚಿಹೋಯಿತು ಅನ್ನಬಹುದಿತ್ತು. ಕೆಲಸ ಉಳಿಯುತ್ತಿತ್ತು, ಬೀದಿಯಲ್ಲಿ ಮಾನ ಉಳಿಯುತ್ತಿತ್ತು. ಬೀಗ ಬೀಳುತ್ತಿದ್ದದ್ದು ಆ ಸಣಕಲು ಯಜಮಾನನ ಅಂಗಡಿಗೆ. ಅವನು ಪ್ರಶಸ್ತಿಪತ್ರವನ್ನೇ ನೋಡುತ್ತಾ ನಿಂತಿದ್ದ.

"ಹೇಳಪ್ಪ, ಹೆದರಬೇಡ," ಅಂದರು ಮೇಷ್ಟ್ರು. "ಸತ್ಯ ಹೇಳೋಕೆ ಯಾಕೆ ಹಿಂದೆಮುಂದೆ ನೋಡ್ತೀಯ?"

"ಅಂಗಡಿ ಇಲ್ಲ ಮೇಡಂ," ಅಂದರು ರೇಟಪ್ಪ. "ನನ್ನ ಮೇಜಿನ ಮೇಲೆ ಬರೆದಿದ್ದು. ಬ್ಯಾಟರಿ ಒಂದೇ ಅಲ್ಲ, ಮೂವತ್ತೇಳು ಸಾಮಾನು. ಹನ್ನೊಂದು ವರ್ಷ, ಮೊನ್ನೆವರೆಗೂ ನಾನು ಸೇತುವೆ ದಾಟಿರಲಿಲ್ಲ."

ಅಂಗಡಿಯವರಿಗೂ ಸಿಟ್ಟು ಬರಲಿಲ್ಲ, ಅಷ್ಟು ದೊಡ್ಡ ಸುಳ್ಳನ್ನು ಅಷ್ಟು ಹತ್ತಿರದಿಂದ ಅವರು ಕಂಡಿರಲಿಲ್ಲ. ಅಧ್ಯಕ್ಷ ಮೆಲ್ಲಗೆ, "ನೂರಾ ಮೂವತ್ತೆರಡು ತಿಂಗಳು," ಅಂತ ಲೆಕ್ಕ ಹಾಕಿದ. ಮೇಡಂ ಎದ್ದು ಹೋಗಿ ಪ್ರಶಸ್ತಿಪತ್ರವನ್ನು ಗೋಡೆಯಿಂದ ತೆಗೆದು, ಸ್ವಲ್ಪ ಹೊತ್ತು ಎಲ್ಲಿಡುವುದು ಅಂತ ತೋಚದೆ ಕೈಯಲ್ಲೇ ಹಿಡಿದುಕೊಂಡು ನಿಂತರು.

"ಒಂದು ಇನ್‌ಕ್ರಿಮೆಂಟು ಕಟ್," ಅಂದರು ಕೊನೆಗೆ. "ಸೋಮವಾರ ಬೆಳಿಗ್ಗೆ ಮೂವತ್ತೇಳೂ ನಿಜವಾದ ಬೆಲೆ ನನ್ನ ಮುಂದೆ ಇರಬೇಕು. ಅಂಗಡಿಯವರ ಸಹಿ ಸಮೇತ. ಒಂದೇ ಒಂದು ಕುರ್ಚಿ ಮೇಲಿಂದ ಬಂದಿದ್ರೂ ನೀವು ಮನೇಲಿ ಕೂತ್ಕೋಬಹುದು."

ಮೇಷ್ಟ್ರು ದೂರನ್ನು ನಾಲ್ಕಾಗಿ ಮಡಚಿ ಚೀಲಕ್ಕೆ ಹಾಕಿಕೊಂಡರು. ಬ್ಯಾಟರಿ ಯಜಮಾನನ ಮುಂದೆ ನಿಂತು ಕೈಮುಗಿದರು. ಶಿಷ್ಯನ ಕಡೆ ನೋಡದೆ ಹೊರಗೆ ಹೋದರು. ಇನ್‌ಕ್ರಿಮೆಂಟಿಗಿಂತ ಅದೇ ಹೆಚ್ಚು ನೋವಾಯಿತು.

ಹೊಸ ಸೋಫಾಕ್ಕೆ ಅಂತ ಎತ್ತಿಟ್ಟಿದ್ದ ದುಡ್ಡು ಶನಿವಾರ ಬೆಳಿಗ್ಗೆ ಬ್ಯಾಟರಿಯಾಯಿತು. ಯಜಮಾನ ಬಿಲ್ಲು ಬರೆದುಕೊಟ್ಟ, ಸಹಿಯನ್ನೂ ಮಾಡಿದ. ಮೆಕ್ಯಾನಿಕ್ ಹಳೆಯದನ್ನು ಬಿಚ್ಚಿ, ಹೊಸದನ್ನು ಕೂಸನ್ನು ಮಲಗಿಸುವ ಹಾಗೆ ಇಳಿಸಿ, ನಟ್ಟು ಬಿಗಿದ. ಬಿಟ್ಟಿ ಹಾಕಿಕೊಡುವ ಪಂಥದ ಮಾತು ಎತ್ತಲಿಲ್ಲ. ರೇಟಪ್ಪನವರೇ ಅವನ ಕೂಲಿಯನ್ನು ಕೇಳಿ ಕೊಟ್ಟರು. ಕೀ ತಿರುಗಿಸಿದ ಒಂದೇ ಏಟಿಗೆ ಕಾರು ಎದ್ದಿತು. ಬೀದಿಯವರು ಬಾಗಿಲಲ್ಲಿ ನಿಂತು, ಎಂಟು ಸಾವಿರದ ಸದ್ದು ಹೇಗಿರುತ್ತದೆ ಅಂತ ಬಾಯಿಬಿಟ್ಟುಕೊಂಡು ಕೇಳಿದರು. ಹೆಂಡತಿ ಕಿಟಕಿಯಿಂದ ನೋಡಿ ಒಳಗೆ ಹೋದಳು.

ಅಷ್ಟರಲ್ಲಿ ಎದುರು ಮನೆಯ ಗೇಟು ತೆರೆಯಿತು. ಮೇಷ್ಟ್ರು ಹೊರಗೆ ಬಂದರು, ಅವರ ಹಿಂದೆ ಕೈಚೀಲ ಹಿಡಿದ ಮೇಷ್ಟ್ರಮ್ಮ. ಆಕೆ ಬೀದಿಯಲ್ಲಿ ಕಾಣಿಸುತ್ತಿದ್ದದ್ದೇ ಕಡಿಮೆ, ಮಾತು ಅದಕ್ಕಿಂತ ಕಡಿಮೆ. ಮೇಷ್ಟ್ರು ಹಿಂದಿನ ಬಾಗಿಲು ತೆರೆದು ಹೆಂಡತಿಯನ್ನು ಕೂರಿಸಿ, ತಾವೂ ಪಕ್ಕದಲ್ಲಿ ಕುಳಿತರು.

"ನಡಿ ಮಾರುಕಟ್ಟೆಗೆ," ಅಂದರು. "ನೀನು ಬರೆಯೋದನ್ನ ಈ ಸಲ ನಾನು ಕಣ್ಣಾರೆ ನೋಡಬೇಕು."

ಸೇತುವೆಯ ಮೇಲೆ ಮೇಷ್ಟ್ರು ಮಾತು ತೆಗೆದರು.

"ರಿಟೈರಾದಾಗಿಂದ ತಿಂಗಳ ಇಪ್ಪತ್ತನೇ ತಾರೀಕಿಗೆ ಇವಳು ದುಡ್ಡು ಸಾಲಲ್ಲ ಅಂತಾಳೆ. ನಾನು ನಿನ್ನ ಪುಸ್ತಕ ತೆಗೆದು ಇವಳ ಮುಂದೆ ಹಿಡೀತಿದ್ದೆ. ನೋಡು, ಏನೂ ಏರಿಲ್ಲ, ನಿನಗೆ ಸಂಸಾರ ಮಾಡೋಕೆ ಬರಲ್ಲ ಅಂತಿದ್ದೆ. ಪ್ರತಿ ತಿಂಗಳು ಕಣೋ. ಹನ್ನೊಂದು ವರ್ಷ."

ಮೇಷ್ಟ್ರಮ್ಮ ಕಿಟಕಿಯಾಚೆ ನದಿ ನೋಡುತ್ತಿದ್ದರು. ಬರೀ ಎರಡು ಮೂರು ಅಂಕಿ, ಯಾರ ಗಂಟು ಹೋಗುತ್ತದೆ ಅಂದುಕೊಂಡಿದ್ದರು ರೇಟಪ್ಪ. ಆ ಅಂಕಿಗಳು ಬೀದಿ ದಾಟಿ ಎದುರು ಮನೆಯ ಅಡುಗೆಮನೆಯೊಳಗೆ ಹೊಕ್ಕು ಕುಳಿತಿದ್ದವು.

ಮಾರುಕಟ್ಟೆಯಲ್ಲಿ ಮೊದಲು ಅಕ್ಕಿ ಅಂಗಡಿ. ರೇಟಪ್ಪನವರು ಹಾಳೆ ತೆಗೆದು ಬೆಲೆ ಕೇಳಿದರು. ಅಂಗಡಿಯವನು ಬಾಯಿ ತೆರೆಯುವ ಮೊದಲೇ ಮೇಷ್ಟ್ರಮ್ಮ ಮೆಲ್ಲಗೆ ಒಂದು ಸಂಖ್ಯೆ ಹೇಳಿದರು. ಅಂಗಡಿಯವನು ಹೇಳಿದ್ದೂ ಅದೇ. ಎಣ್ಣೆ ಅಂಗಡಿಯಲ್ಲೂ ಹಾಗೆಯೇ ಆಯಿತು. ಸಾಬೂನಿನವನು ಹಳೆಯ ಬೆಲೆ ಹೇಳಿದಾಗ ಆಕೆ, "ಮಂಗಳವಾರದಿಂದ ಎರಡು ಜಾಸ್ತಿ ಅಲ್ವೇನಪ್ಪ?" ಅಂದರು. ಅವನು ಪಟ್ಟಿ ನೋಡಿ, ತಲೆ ಕೆರೆದುಕೊಂಡು, ಹೌದು ಅಂದ. ಎಂಟನೇ ಅಂಗಡಿಯ ಹೊತ್ತಿಗೆ ರೇಟಪ್ಪನವರು ಬೆಲೆಯನ್ನು ಮೇಷ್ಟ್ರಮ್ಮನನ್ನು ಕೇಳಿ ಬರೆದು, ಅಂಗಡಿಯವರ ಹತ್ತಿರ ಸಹಿ ಮಾತ್ರ ಹಾಕಿಸುತ್ತಿದ್ದರು. ಹೋದ ವರ್ಷ ಎಷ್ಟಿತ್ತು, ಅದರ ಹಿಂದಿನ ವರ್ಷ ಎಷ್ಟಿತ್ತು ಅನ್ನುವುದೂ ಆಕೆಗೆ ಗೊತ್ತಿತ್ತು. ಬೆರಳು ಹಣೆಗೆ ಹೋಗುತ್ತಿರಲಿಲ್ಲ, ಕಣ್ಣು ಮುಚ್ಚುತ್ತಿರಲಿಲ್ಲ. ಎರಡು ತಿಂಗಳಾದ ಮೇಲೆ ಈ ಅಂಕಿಗಳಿಂದ ಪಿಂಚಣಿ ಏರಿತು, ಏರಿತು ಅಂತ ಕೇಳಿ ಬ್ಯಾಟರಿಯವರೂ ಏರಿಸಿದರು, ಅದು ಬೇರೆ ಮಾತು.

ಮೇಷ್ಟ್ರು ಹಿಂದೆ ಹಿಂದೆ ನಡೆದು ಬರುತ್ತಿದ್ದರು. ನಲವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ಮನುಷ್ಯ ಹೆಂಡತಿಯನ್ನು ಹೊಸಬಳನ್ನು ನೋಡುವ ಹಾಗೆ ನೋಡುತ್ತಿದ್ದರು.

"ಇಷ್ಟೇ ಪಿಂಚಣಿ, ಈ ಬೆಲೆ," ಅಂದರು, ಬೇಳೆ ಅಂಗಡಿಯ ಮುಂದೆ ನಿಂತುಬಿಟ್ಟು. "ಇಷ್ಟರಲ್ಲಿ ಹನ್ನೊಂದು ವರ್ಷ ಇಬ್ಬರಿಗೆ ಎರಡು ಹೊತ್ತು ಊಟ ಹೇಗೆ ಹಾಕಿದೆ ನೀನು?"

"ನಿಮಗೆ ಎರಡು ಹೊತ್ತು ಹಾಕಿದೆ," ಅಂದರು ಮೇಷ್ಟ್ರಮ್ಮ.

ಆಮೇಲೆ ಮುಂದಿನ ಅಂಗಡಿಗೆ ಹೋದರು. ಮೇಷ್ಟ್ರು ಹೋಗಲಿಲ್ಲ. ಅಲ್ಲಿಯೇ ಒಂದು ಮೂಟೆಯ ಮೇಲೆ ಕುಳಿತು, ಕನ್ನಡಕ ತೆಗೆದು ಒರೆಸಿದರು, ಮತ್ತೆ ಮತ್ತೆ ಒರೆಸಿದರು.

ರೇಟಪ್ಪನವರು ಮನೆಗೆ ಬಂದಾಗ ಮಧ್ಯಾಹ್ನ ಮೂರು ಗಂಟೆ. ಹೆಂಡತಿ ಒಂದು ತಟ್ಟೆ ಇಟ್ಟು, ಅನ್ನ ಬಡಿಸಿ, ಎಂದಿನಂತೆ ಪಕ್ಕದಲ್ಲಿ ನಿಂತಳು. ಅವರು ತಟ್ಟೆಗೆ ಕೈ ಹಾಕಲಿಲ್ಲ.

"ನಿನ್ನ ಊಟ ಆಯ್ತಾ?"

ಅವಳು ಸೌಟು ಹಿಡಿದೇ ಅವರನ್ನು ನೋಡಿದಳು. "ಇದೇನು, ಇದನ್ನೂ ಪಟ್ಟೀಲಿ ಬರೀಬೇಕಾ?"

"ಇಲ್ಲ. ಸುಮ್ನೆ ಕೇಳಿದೆ."

ರೇಟಪ್ಪನವರು ಎದ್ದು ಹೋಗಿ ಇನ್ನೊಂದು ತಟ್ಟೆ ಹುಡುಕತೊಡಗಿದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ತಟ್ಟೆ ಎಲ್ಲಿಡುತ್ತಾರೆ ಅನ್ನುವುದು ಅವರಿಗೆ ಗೊತ್ತಿರಲಿಲ್ಲ.

"ಕೆಳಗಿನ ಕಪಾಟು," ಅಂದಳು ಹೆಂಡತಿ.